ವ್ಯಾಪಾರದ ವೆಬ್‌ಸೈಟಿಗೆ ಆಯುಸ್ಸು ಎಷ್ಟು? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಕರಾವಳಿಯ ಸಣ್ಣ ಉದ್ಯಮಿಗಳವು. ಎಲ್ಲರ ಸಂದೇಹವೂ ಹತ್ತಿರ ಹತ್ತಿರ ಒಂದೇ ಆಗಿರುವುದರಿಂದ ಅಂಥ ಐದು ಪ್ರಶ್ನೆಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಮಂಗಳೂರಿನ ಹೊರವಲಯದಲ್ಲಿ ನಮ್ಮದೊಂದು ಗೋಡಂಬಿ ಸಂಸ್ಕರಣೆಯ ಸಣ್ಣ ಕಾರ್ಖಾನೆಯಿದೆ. 2016ರಲ್ಲಿ ವರ್ಡ್‌ಪ್ರೆಸ್ ಎಂಬ ಸಿದ್ಧ ತಂತ್ರಾಂಶ ಬಳಸಿ ಮಾಡಿಸಿದ ವೆಬ್‌ಸೈಟ್ ಈಗಲೂ ನೋಡಲು ಲಕ್ಷಣವಾಗಿದೆ, ತೆರೆದರೆ ತೆರೆಯುತ್ತದೆ. ಈಚೆಗೆ ಒಂದು ಸಂಸ್ಥೆಯವರು ಫೋನ್ ಮಾಡಿ, "ನಿಮ್ಮ ಸೈಟ್ ತಾಂತ್ರಿಕವಾಗಿ ಔಟ್‌ಡೇಟೆಡ್ ಆಗಿದೆ, ಪೂರ್ತಿ ಹೊಸದಾಗಿ ಮಾಡಬೇಕು" ಎಂದು ದೊಡ್ಡ ಮೊತ್ತದ ಕೊಟೇಶನ್ ಕಳುಹಿಸಿದ್ದಾರೆ. ನಾನು ಬಿ.ಕಾಂ. ಓದಿದವನು, ಕಂಪ್ಯೂಟರಿನ ಒಳಗುಟ್ಟು ತಿಳಿಯದು. ಅವರು ಹೇಳುವುದು ನಿಜವೋ, ಬರೀ ವ್ಯಾಪಾರದ ಮಾತೋ ಎಂದು ನಾನೇ ಪರೀಕ್ಷಿಸಿ ನೋಡುವ ದಾರಿ ಇದೆಯೇ?
— ಬೈಕಂಪಾಡಿಯ ಓದುಗರು

ಉತ್ತರ: ಇದೆ. ಅದಕ್ಕೆ ನಿಮ್ಮ ಬಿ.ಕಾಂ. ಪದವಿ ಅಡ್ಡಿಯೇನೂ ಆಗದು. ಸೈಟ್ ಎಷ್ಟು ವರ್ಷದ್ದು ಎಂಬುದರಿಂದಾಗಲಿ, ಅದರ ಬಣ್ಣ, ಅಕ್ಷರ ಮತ್ತು ಮುಖಪುಟದಲ್ಲಿ ಸರಿದಾಡುವ ಚಿತ್ರಗಳಿಂದಾಗಲಿ ಅದು ತಾಂತ್ರಿಕವಾಗಿ ಹಳತಾಗಿದೆಯೇ ಎಂದು ತೀರ್ಮಾನಿಸಲು ಬರುವುದಿಲ್ಲ. ನಮ್ಮ ಕಡೆಯ ಹಂಚಿನ ಮನೆಗಳನ್ನು ನೋಡಿ: ಹಂಚು ಕಪ್ಪಾಗಿ ಪಾಚಿ ಹಿಡಿದ ಮಾತ್ರಕ್ಕೆ ಮಾಡು ಕುಸಿಯುವುದಿಲ್ಲ, ಪಕ್ಕಾಸಿಗೆ ಗೆದ್ದಲು ಹತ್ತಿದೆಯೇ ಎಂದು ಅಟ್ಟ ಹತ್ತಿ ನೋಡಬೇಕಾಗುತ್ತದೆ. ವೆಬ್‌ಸೈಟಿನಲ್ಲಿ ಪಕ್ಕಾಸಿನ ಸ್ಥಾನದಲ್ಲಿರುವುದು ಅದನ್ನು ಹೊತ್ತಿರುವ ತಂತ್ರಾಂಶಗಳು. ಆ ತಂತ್ರಾಂಶಗಳಲ್ಲಿ ನಾಳೆ ಒಂದು ದೋಷ ಪತ್ತೆಯಾದರೆ ತಯಾರಿಸಿದವರು ಅದಕ್ಕೆ ದುರಸ್ತಿ ಬಿಡುಗಡೆ ಮಾಡುತ್ತಾರೆಯೇ, ಮಾಡಿದರೆ ಅದನ್ನು ನಿಮ್ಮ ಸೈಟಿಗೆ ಅಳವಡಿಸಲು ಸಾಧ್ಯವೇ ಎಂಬ ಎರಡು ಪ್ರಶ್ನೆಗಳಿಗೂ ಹೌದು ಎಂಬ ಉತ್ತರ ಸಿಗುವವರೆಗೆ ಸೈಟ್ ಹಳತಲ್ಲ. ಎರಡರಲ್ಲಿ ಒಂದಕ್ಕೆ ಇಲ್ಲ ಎಂದಾದರೂ ಅದು ಹಳತೇ, ಕಳೆದ ವರ್ಷ ಮಾಡಿಸಿದ್ದಾದರೂ ಸರಿ.

ನಿಮ್ಮದು ವರ್ಡ್‌ಪ್ರೆಸ್ ಆದ್ದರಿಂದ ಪರೀಕ್ಷೆ ಸುಲಭ. ಅಡ್ಮಿನ್ ಆಗಿ ಲಾಗಿನ್ ಮಾಡಿ, ಎಡಬದಿಯ ಪಟ್ಟಿಯಲ್ಲಿ 'ಟೂಲ್ಸ್' ಎಂಬುದರ ಕೆಳಗೆ 'ಸೈಟ್ ಹೆಲ್ತ್' ಎಂಬ ಪುಟ ಇದೆಯೇ ನೋಡಿ. ಆ ಪುಟ ಸೇರಿಕೊಂಡದ್ದು 2019ರ ಮೇ ತಿಂಗಳಲ್ಲಿ ಬಂದ 5.2ನೆಯ ಆವೃತ್ತಿಯಲ್ಲಿ. ಅದು ಕಾಣಿಸದಿದ್ದರೆ ನಿಮ್ಮ ವರ್ಡ್‌ಪ್ರೆಸ್ ಅದಕ್ಕೂ ಹಿಂದಿನದು ಎಂದಾಯಿತು, ಬೇರೆ ಪರೀಕ್ಷೆಯ ಅಗತ್ಯವಿಲ್ಲ. ಕಾಣಿಸಿದರೆ ಅದರೊಳಗೆ 'ಇನ್ಫೋ' ವಿಭಾಗ ತೆರೆದು, 'ಸರ್ವರ್' ಎಂಬಲ್ಲಿ ಪಿಎಚ್‌ಪಿ ಆವೃತ್ತಿ ಯಾವುದೆಂದು ಬರೆದುಕೊಳ್ಳಿ. ಪಿಎಚ್‌ಪಿ ಎಂದರೆ ವರ್ಡ್‌ಪ್ರೆಸ್ ಯಾವ ಭಾಷೆಯಲ್ಲಿ ಬರೆಯಲ್ಪಟ್ಟಿದೆಯೋ ಆ ಭಾಷೆ. ಅದರ ಪ್ರತಿಯೊಂದು ಆವೃತ್ತಿಗೂ ಭದ್ರತಾ ದುರಸ್ತಿ ನಿಲ್ಲುವ ದಿನಾಂಕ ಮೊದಲೇ ಪ್ರಕಟವಾಗಿರುತ್ತದೆ. 5.6ಕ್ಕೆ ಅದು 2018ರ ಡಿಸೆಂಬರ್ 31, 7.4ಕ್ಕೆ 2022ರ ನವೆಂಬರ್ 28, 8.0ಕ್ಕೆ 2023ರ ನವೆಂಬರ್ 26, 8.1ಕ್ಕೆ 2025ರ ಡಿಸೆಂಬರ್ 31. ಈ ದಿನಾಂಕದ ಮರುದಿನ ಸೈಟ್ ನಿಂತುಹೋಗುವುದಿಲ್ಲ, ಎಂದಿನಂತೆ ತೆರೆಯುತ್ತಲೇ ಇರುತ್ತದೆ. ಹಾಗೆ ತೆರೆಯುತ್ತಿರುವುದರಿಂದಲೇ ಯಜಮಾನರಿಗೆ ವಿಷಯ ಗೊತ್ತಾಗುವುದಿಲ್ಲ. ಅಲ್ಲಿಂದ ಮುಂದೆ ಪತ್ತೆಯಾಗುವ ದೋಷಗಳು ಲೋಕಕ್ಕೆಲ್ಲ ತಿಳಿಯುತ್ತವೆ, ಅವುಗಳ ದುರಸ್ತಿ ಮಾತ್ರ ನಿಮ್ಮ ಸೈಟಿಗೆ ಬರುವುದಿಲ್ಲ. ಸೈಟುಗಳನ್ನು ತಮ್ಮ ಸರ್ವರ್ ಕಂಪ್ಯೂಟರಿನಲ್ಲಿ ಇರಿಸಿಕೊಳ್ಳುವ ಕೆಲವು ಹೋಸ್ಟಿಂಗ್ ಸಂಸ್ಥೆಗಳು ಹಳೆಯ ಆವೃತ್ತಿಗಳಿಗೂ ತಾವೇ ದುರಸ್ತಿ ಒದಗಿಸುತ್ತವೆ ಎಂಬುದು ನಿಜ. ನಿಮ್ಮ ಹೋಸ್ಟಿಂಗ್‌ನವರು ಒದಗಿಸುತ್ತಾರೆಯೇ ಎಂದು ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ತೆಗೆದಿಟ್ಟುಕೊಳ್ಳಿ.

"ನಮ್ಮ ಬೀಜದ ಕಾರ್ಖಾನೆಯ ಸೈಟನ್ನು ಯಾರು ಹ್ಯಾಕ್ ಮಾಡುತ್ತಾರೆ?" ಎಂದು ಅನೇಕರು ಕೇಳುತ್ತಾರೆ. ನಿಮ್ಮನ್ನು ಗುರಿಯಿಟ್ಟು ಯಾರೂ ಮಾಡುವುದಿಲ್ಲ. ಇಂಥ ಆವೃತ್ತಿಯ ಇಂಥ ದೋಷವಿರುವ ಸೈಟುಗಳನ್ನು ಹುಡುಕುತ್ತ ಹಗಲಿರುಳು ಓಡುವ ಸ್ವಯಂಚಾಲಿತ ಪ್ರೋಗ್ರಾಮುಗಳು ಇವೆ. ಅವುಗಳಿಗೆ ಗೋಡಂಬಿಯೂ ಒಂದೇ, ಬ್ಯಾಂಕೂ ಒಂದೇ. ಹಾಗೆ ಒಳಹೊಕ್ಕವರು ಸಾಮಾನ್ಯವಾಗಿ ಮುಖಪುಟವನ್ನು ಕೆಡಿಸದೆ, ನಿಮ್ಮ ವಿಳಾಸದ ಅಡಿಯಲ್ಲಿ ನೂರಾರು ಗುಪ್ತ ಪುಟಗಳನ್ನು ಸೇರಿಸುತ್ತಾರೆ. ಜಪಾನಿ ಭಾಷೆಯಲ್ಲಿ ನಕಲಿ ಬ್ರಾಂಡ್ ಸಾಮಾನುಗಳನ್ನು ಮಾರುವ ಪುಟಗಳು ಹೀಗೆ ಸೇರಿಕೊಳ್ಳುವುದು ಎಷ್ಟು ಸಾಮಾನ್ಯವೆಂದರೆ, ಅದನ್ನು ತೆಗೆಯುವ ವಿಧಾನವನ್ನು ಗೂಗಲ್ ಸಂಸ್ಥೆಯೇ ಪ್ರತ್ಯೇಕವಾಗಿ ಪ್ರಕಟಿಸಿದೆ. ನಿಮ್ಮ ಸೈಟಿನಲ್ಲಿ ಅಂಥವು ಇವೆಯೇ ಎಂದು ತಿಳಿಯಲು ಗೂಗಲ್ ಹುಡುಕಾಟದಲ್ಲಿ 'ಸೈಟ್' ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಒಂದು ಕೋಲನ್ ಚಿಹ್ನೆ ಹಾಕಿ, ಜಾಗ ಬಿಡದೆ ನಿಮ್ಮ ವೆಬ್‌ಸೈಟಿನ ವಿಳಾಸವನ್ನು ಬರೆಯಿರಿ. ಹನ್ನೆರಡು ಪುಟದ ಸೈಟಿಗೆ ಸಾವಿರ ಫಲಿತಾಂಶಗಳು ಬಂದರೆ ವಿಷಯ ಸ್ಪಷ್ಟ. ಯಜಮಾನರು ವಿಳಾಸ ಬರೆದು ನೇರವಾಗಿ ತೆರೆದಾಗ ಸರಿಯಾದ ಪುಟ ಬರುವುದು, ಗೂಗಲ್ ಮೂಲಕ ಬರುವ ದುಬೈಯ ಖರೀದಿದಾರರು ಮಾತ್ರ ಬೇರೆಲ್ಲಿಗೋ ಸಾಗಿಹೋಗುವುದು ಕೂಡ ಇಂಥ ದಾಳಿಗಳ ಲಕ್ಷಣವೇ. ಆದ್ದರಿಂದ ಆಗಾಗ ಬೇರೊಂದು ಫೋನಿನಿಂದ, ಗೂಗಲ್‌ನಲ್ಲಿ ಹುಡುಕಿಯೇ, ನಿಮ್ಮ ಸೈಟನ್ನು ತೆರೆದು ನೋಡಿ.

ಪಿಎಚ್‌ಪಿಗಿಂತ ಹೆಚ್ಚು ತೊಂದರೆ ಬರುವುದು ಪ್ಲಗಿನ್ ಮತ್ತು ಥೀಮ್‌ಗಳಿಂದ. ಪ್ಲಗಿನ್ ಎಂದರೆ ಸೈಟಿಗೆ ಹೊಸ ಸೌಲಭ್ಯ ಸೇರಿಸುವ ಬಿಡಿ ತಂತ್ರಾಂಶ, ಥೀಮ್ ಎಂದರೆ ಸೈಟಿನ ರೂಪವನ್ನು ನಿರ್ಧರಿಸುವ ಸಿದ್ಧ ವಿನ್ಯಾಸ. 2016ರ ಸುಮಾರಿಗೆ ನಮ್ಮಲ್ಲಿ ಸೈಟ್ ಮಾಡುತ್ತಿದ್ದವರಲ್ಲಿ ಅನೇಕರು ಮಾರುಕಟ್ಟೆಯಿಂದ ಸಿದ್ಧ ಥೀಮ್ ಒಂದನ್ನು ಕೊಂಡು, ಅದರ ಜೊತೆಗೇ ಕಟ್ಟಿಕೊಟ್ಟ ಸ್ಲೈಡರ್, ಪೇಜ್ ಬಿಲ್ಡರ್ ಮುಂತಾದ ಪ್ಲಗಿನ್‌ಗಳನ್ನು ಹಾಕಿಕೊಡುತ್ತಿದ್ದರು. ಹೀಗೆ ಥೀಮಿನೊಂದಿಗೆ ಬಂದ ಪ್ಲಗಿನ್‌ಗಳ ಪರವಾನಗಿ ನಿಮ್ಮ ಹೆಸರಿನಲ್ಲಿ ಇರುವುದಿಲ್ಲವಾದ್ದರಿಂದ ಹೊಸ ಆವೃತ್ತಿ ಬಂದರೂ ಅದು ತಾನಾಗಿ ನಿಮ್ಮಲ್ಲಿಗೆ ಇಳಿಯುವುದಿಲ್ಲ. ಥೀಮ್ ತಯಾರಿಸಿದವರು ತಮ್ಮ ಹೊಸ ಕಟ್ಟಿನಲ್ಲಿ ಸೇರಿಸಿ ಕೊಟ್ಟರಷ್ಟೇ ಸಿಗುತ್ತದೆ. 2014ರಲ್ಲಿ ಸ್ಲೈಡರ್ ರೆವಲ್ಯೂಷನ್ ಎಂಬ ಜನಪ್ರಿಯ ಪ್ಲಗಿನ್‌ನಲ್ಲಿ ದೋಷ ಹೊರಬಿದ್ದಾಗ ದುರಸ್ತಿಯಾದ ಆವೃತ್ತಿ ಆಗಲೇ ಲಭ್ಯವಿದ್ದರೂ ಜಗತ್ತಿನಾದ್ಯಂತ ಅಸಂಖ್ಯ ಸೈಟುಗಳು ದಾಳಿಗೆ ತುತ್ತಾದದ್ದು ಮುಖ್ಯವಾಗಿ ಈ ಕಾರಣದಿಂದ. ಪ್ಲಗಿನ್‌ಗಳ ಪಟ್ಟಿ ತೆರೆದು ಒಂದೊಂದರ ಹೆಸರನ್ನೂ ವರ್ಡ್‌ಪ್ರೆಸ್‌ನ ಅಧಿಕೃತ ಪ್ಲಗಿನ್ ಕೋಶದಲ್ಲಿ ಹುಡುಕಿ. ಈಚಿನ ಮೂರು ಪ್ರಮುಖ ಆವೃತ್ತಿಗಳೊಂದಿಗೆ ಪರೀಕ್ಷಿಸಿಲ್ಲ ಎಂಬ ಹಳದಿ ಎಚ್ಚರಿಕೆಯಾಗಲಿ, ಈ ಪ್ಲಗಿನ್ ಮುಚ್ಚಲಾಗಿದೆ ಎಂಬ ಸೂಚನೆಯಾಗಲಿ ಕಂಡರೆ ಅದು ವಾರಸುದಾರರಿಲ್ಲದ ಆಸ್ತಿ ಎಂದೇ ತಿಳಿಯಬೇಕು.

ಇಷ್ಟು ಭದ್ರತೆಯ ಮಾತಾಯಿತು. ನಿಮ್ಮಂಥವರಿಗೆ ಇದಕ್ಕಿಂತ ನೇರವಾದ ನಷ್ಟ ಉಂಟುಮಾಡುವುದು ಎನ್‌ಕ್ವಯರಿ ಫಾರ್ಮ್, ಆದರೆ ಅದರ ಬಗ್ಗೆ ನಿಮಗೆ ಫೋನ್ ಮಾಡಿದವರು ಹೇಳಿರಲಿಕ್ಕಿಲ್ಲ. ಹಳೆಯ ಸೈಟುಗಳಲ್ಲಿ ಗ್ರಾಹಕರು ಫಾರ್ಮ್ ತುಂಬಿದಾಗ ಸರ್ವರ್ ತಾನೇ ಒಂದು ಮೇಲ್ ಸೃಷ್ಟಿಸಿ ನಿಮ್ಮ ವಿಳಾಸಕ್ಕೆ ಕಳುಹಿಸುತ್ತದೆ. ಆ ಮೇಲ್ ನಿಜಕ್ಕೂ ನಿಮ್ಮ ಡೊಮೈನಿನಿಂದಲೇ (ಸೈಟಿನ ನೋಂದಾಯಿತ ಹೆಸರಿನಿಂದಲೇ) ಬಂದದ್ದು ಎಂಬುದಕ್ಕೆ ಯಾವ ಪುರಾವೆಯೂ ಅದರಲ್ಲಿ ಇರುವುದಿಲ್ಲ. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಕಳುಹಿಸುವವರ ಗುರುತಿನ ನಿಯಮಗಳನ್ನು ಬಿಗಿಗೊಳಿಸಿವೆ. ಎಸ್‌ಪಿಎಫ್, ಡಿಕಿಮ್ ಎಂಬ ದಾಖಲೆಗಳನ್ನು ಡೊಮೈನಿನಲ್ಲಿ ಹೊಂದಿಸಿರದಿದ್ದರೆ ಮೇಲ್ ಸ್ಪ್ಯಾಮ್ ಪೆಟ್ಟಿಗೆಗೆ ಬೀಳಬಹುದು, ಅಥವಾ ಒಳಗೆ ಬಾರದೆಯೇ ತಿರಸ್ಕೃತವಾಗಬಹುದು. ಗ್ರಾಹಕರಿಗೆ ಮಾತ್ರ ಪರದೆಯ ಮೇಲೆ ಧನ್ಯವಾದದ ಸಂದೇಶ ಕಾಣಿಸಿರುತ್ತದೆ. ನೀವು ಉತ್ತರಿಸಲಿಲ್ಲವೆಂದು ಅವರು, ಈ ವರ್ಷ ವಿಚಾರಣೆಗಳೇ ಕಡಿಮೆಯೆಂದು ನೀವು, ಇಬ್ಬರೂ ತಪ್ಪು ತಿಳಿದುಕೊಂಡು ಕೂತಿರುತ್ತೀರಿ. ಈ ಪತ್ರಿಕೆ ಓದಿ ಮುಗಿಸುವ ಮೊದಲೇ ನಿಮ್ಮ ಫಾರ್ಮನ್ನು ನೀವೇ ಒಮ್ಮೆ ತುಂಬಿ ಕಳುಹಿಸಿ ನೋಡಿ ಎಂಬುದು ನನ್ನ ಸಲಹೆ.

ಇನ್ನು ಕೊಟೇಶನ್ ವಿಷಯ. ಯಾವ ತಂತ್ರಾಂಶ, ಅದರ ಯಾವ ಆವೃತ್ತಿ, ಅದಕ್ಕೆ ದುರಸ್ತಿ ಯಾವ ದಿನ ನಿಂತಿತು, ಇದ್ದ ಸೈಟನ್ನೇ ಮೇಲ್ದರ್ಜೆಗೆ ಏರಿಸಲು ಏನು ಅಡ್ಡಿ ಎಂದು ಆ ಸಂಸ್ಥೆಯವರಿಂದ ಬರಹದಲ್ಲಿ ಕೇಳಿ. ನಿಖರವಾಗಿ ಉತ್ತರಿಸಿದರೆ ಅವರು ಸೈಟನ್ನು ನಿಜವಾಗಿ ನೋಡಿದ್ದಾರೆ ಎಂದಾಯಿತು. "ಇದು ಹಳೆಯ ಟೆಕ್ನಾಲಜಿ, ಸರ್" ಎಂಬಷ್ಟೇ ಉತ್ತರ ಬಂದರೆ ಅವರು ನೋಡಿದ್ದು ನಿಮ್ಮ ಫೋನ್ ನಂಬರನ್ನು ಮಾತ್ರ. ಮೇಲ್ದರ್ಜೆಗೆ ಏರಿಸುವುದಾದರೆ ಮೊದಲು ಪೂರ್ಣ ಬ್ಯಾಕಪ್ ತೆಗೆದು, ಸೈಟಿನ ಒಂದು ಪ್ರತಿಯನ್ನು ಬೇರೆಡೆ ಇರಿಸಿ, ಅದರ ಮೇಲೆ ಹೊಸ ಪಿಎಚ್‌ಪಿ ಹಾಕಿ ಪ್ರಯತ್ನಿಸಬೇಕು. ನೇರವಾಗಿ ನಡೆಯುತ್ತಿರುವ ಸೈಟಿನ ಮೇಲೆಯೇ ಮಾಡಿದರೆ ಹಳೆಯ ಥೀಮ್ ಹೊಂದಿಕೊಳ್ಳದೆ ಬಿಳಿ ಪುಟವಷ್ಟೇ ಉಳಿದೀತು. ನಿಮ್ಮ ಸೈಟಿನಲ್ಲಿರುವುದು ಹತ್ತು ಹನ್ನೆರಡು ಪುಟಗಳಷ್ಟೇ ಆಗಿದ್ದರೆ, ಹಳೆಯ ಥೀಮಿನೊಂದಿಗೆ ಗುದ್ದಾಡುವುದಕ್ಕಿಂತ ಹೊಸದಾಗಿ ಮಾಡಿಸುವುದೇ ಅಗ್ಗವಾಗುವುದೂ ಉಂಟು. ಆದರೆ ಆ ತೀರ್ಮಾನಕ್ಕೆ ಲೆಕ್ಕ ಹಾಕಿ ಬರಬೇಕು, ಹೆದರಿ ಅಲ್ಲ. ಹೊಸದಾಗಿ ಮಾಡಿಸಿದರೆ ಹಳೆಯ ಪ್ರತಿ ಪುಟದ ವಿಳಾಸದಿಂದಲೂ ಹೊಸ ಪುಟಕ್ಕೆ ಶಾಶ್ವತ ರೀಡೈರೆಕ್ಟ್ ಹಾಕಿಕೊಡಬೇಕೆಂದು ಕರಾರಿನಲ್ಲಿಯೇ ಬರೆಸಿಕೊಳ್ಳಿ. ಇಲ್ಲವಾದರೆ ಇಷ್ಟು ವರ್ಷಗಳಲ್ಲಿ ಗೂಗಲ್‌ನಲ್ಲಿ ಸಂಪಾದಿಸಿದ ಸ್ಥಾನ ಕೈತಪ್ಪಿ ಹೋಗಬಹುದು.

ಪ್ರಶ್ನೆ: ನಮ್ಮ ತಂದೆಯವರು ಬಂದರಿನಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸುತ್ತಾರೆ. 2009ರಲ್ಲಿ ಮಾಡಿಸಿದ ಸೈಟ್, ಐದೇ ಪುಟ, ಸಾದಾ ಎಚ್‌ಟಿಎಂಎಲ್. ನೋಡಿದರೆ ನನಗೇ ನಾಚಿಕೆಯಾಗುತ್ತದೆ. ಮೇಲಿನ ರೀತಿಯ ಅಪಾಯ ಇದಕ್ಕೂ ಇದೆಯೇ?
— ಮಂಗಳೂರಿನ ಓದುಗರು

ಉತ್ತರ: ಇಲ್ಲ ಎಂದೇ ಹೇಳಬೇಕು. ಡೇಟಾಬೇಸ್ ಇಲ್ಲದ, ಲಾಗಿನ್ ಇಲ್ಲದ, ಸರ್ವರ್‌ನಲ್ಲಿ ಯಾವ ಪ್ರೋಗ್ರಾಮನ್ನೂ ಓಡಿಸದ ಐದು ಸಾದಾ ಪುಟಗಳಲ್ಲಿ ಒಡೆದು ಒಳನುಗ್ಗಲು ಬಾಗಿಲೇ ಇರುವುದಿಲ್ಲ. ಹೋಸ್ಟಿಂಗ್‌ನ ಪಾಸ್‌ವರ್ಡ್ ಗಟ್ಟಿಯಾಗಿದ್ದರೆ ಸಾಕು. ಮೂರು ವರ್ಷದ ಹಿಂದೆ ಮಾಡಿಸಿ ಇಪ್ಪತ್ತು ಪ್ಲಗಿನ್ ತುಂಬಿ ಮರೆತುಬಿಟ್ಟ ಸೈಟಿಗಿಂತ ನಿಮ್ಮ ತಂದೆಯವರದ್ದು ಭದ್ರ.

ಆದರೂ ಅದು ಬೇರೊಂದು ರೀತಿಯಲ್ಲಿ ಹಳತಾಗಿರಬಹುದು. 2009ರಲ್ಲಿ ಪುಟಗಳನ್ನು ಕಂಪ್ಯೂಟರ್ ಪರದೆಯ ನಿರ್ದಿಷ್ಟ ಅಗಲಕ್ಕೆ ಅಳೆದು ಕೂರಿಸುತ್ತಿದ್ದರು. ಪರದೆಯ ಅಗಲಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳುವ ವಿನ್ಯಾಸದ ಕಲ್ಪನೆ ಚಾಲ್ತಿಗೆ ಬಂದದ್ದು 2010ರ ನಂತರ. ಅಂಗಡಿಯ ವೈಫೈ ಬಿಟ್ಟು, ಮೊಬೈಲ್ ಡೇಟಾದಲ್ಲಿ, ಸಾಧಾರಣ ಬೆಲೆಯ ಒಂದು ಫೋನಿನಲ್ಲಿ ಸೈಟ್ ತೆರೆಯಿರಿ. ಎರಡು ಬೆರಳಿಂದ ಹಿಗ್ಗಿಸದೆ ಓದಲಾಗುತ್ತದೆಯೇ, ಫೋನ್ ನಂಬರನ್ನು ಮುಟ್ಟಿದರೆ ಕರೆ ಹೋಗುತ್ತದೆಯೇ, ಅಥವಾ ಅದು ಚಿತ್ರದೊಳಗೆ ಅಚ್ಚಾಗಿ ಕುಳಿತಿದೆಯೇ ನೋಡಿ. ಗೂಗಲ್ ಈಗ ಸೈಟುಗಳನ್ನು ಓದುವುದೇ ಮೊಬೈಲಿನ ಕಣ್ಣಿನಿಂದ. 2024ರ ಜುಲೈ 5ರಿಂದ ಮೊಬೈಲಿನಲ್ಲಿ ತೆರೆಯಲೇ ಆಗದ ಸೈಟುಗಳನ್ನು ಅದು ತನ್ನ ಸೂಚಿಯಲ್ಲಿ ಸೇರಿಸುವುದಿಲ್ಲ. ಈ ಮಾತನ್ನು ಹಿಗ್ಗಿಸಿ, ಮೊಬೈಲಿಗೆ ಹೊಂದದ ಸೈಟುಗಳೆಲ್ಲ ಗೂಗಲ್‌ನಿಂದ ಮಾಯವಾಗುತ್ತವೆ ಎಂದು ಹೆದರಿಸುವವರಿದ್ದಾರೆ. ಅದು ಸರಿಯಲ್ಲ, ಅಕ್ಷರ ಸಣ್ಣದಾಗಿ ಕಂಡರೂ ಪುಟ ತೆರೆದುಕೊಂಡರೆ ಗೂಗಲ್ ಅದನ್ನು ಓದುತ್ತದೆ. ನಷ್ಟವಾಗುವುದು ಗ್ರಾಹಕರು ಬೇಸತ್ತು ಪಕ್ಕದ ಅಂಗಡಿಯ ಪುಟಕ್ಕೆ ಹೋಗುವುದರಿಂದ.

ಐದು ಸಾದಾ ಪುಟಗಳನ್ನು ಮೊಬೈಲಿಗೆ ಹೊಂದುವಂತೆ ತಿದ್ದುವುದು ಬಲ್ಲವರಿಗೆ ಸಣ್ಣ ಕೆಲಸ. ದಯವಿಟ್ಟು ಅದಕ್ಕಾಗಿ ವರ್ಡ್‌ಪ್ರೆಸ್ ಹಾಕಿಸಬೇಡಿ. ಪುಟದ ಅಡಿಯಲ್ಲಿ ಹಳೆಯ ವ್ಯಾಟ್ ಕಾಲದ ಟಿನ್ ನಂಬರ್ ಇನ್ನೂ ಇದ್ದರೆ ತೆಗೆದು ಜಿಎಸ್‌ಟಿ ನಂಬರ್ ಹಾಕಿಸಿ. ಜಿಎಸ್‌ಟಿ ಜಾರಿಗೆ ಬಂದದ್ದು 2017ರ ಜುಲೈ 1ರಂದು. ಅಂದಿನಿಂದ ಪುಟವನ್ನು ಯಾರೂ ಓದಿ ನೋಡಿಲ್ಲ ಎಂಬುದನ್ನು ಆ ಸಂಖ್ಯೆ ಗ್ರಾಹಕರಿಗೆ ತಿಳಿಸುತ್ತಿರುತ್ತದೆ. ಇದು ತಾಂತ್ರಿಕ ದೋಷವಲ್ಲವಾದರೂ ಮೊದಲು ಕಣ್ಣಿಗೆ ಬೀಳುವುದು ಅದೇ.

ಪ್ರಶ್ನೆ: ಕಾಪು ಕಡಲತೀರದ ಬಳಿ ನಾವು ಹೋಂಸ್ಟೇ ನಡೆಸುತ್ತೇವೆ. ಸೈಟ್ ತೆರೆದರೆ ವಿಳಾಸದ ಪಕ್ಕದಲ್ಲಿ 'ನಾಟ್ ಸೆಕ್ಯೂರ್' ಎಂದು ಬರುತ್ತದೆಂದು ಅತಿಥಿಗಳು ಹೇಳುತ್ತಾರೆ. ದಾರಿ ತೋರಿಸುವ ಮ್ಯಾಪ್ ಕೂಡ ಕಪ್ಪಾಗಿ, ಮೇಲೆ ಏನೋ ಇಂಗ್ಲಿಷ್ ಬರಹದೊಂದಿಗೆ ಕಾಣಿಸುತ್ತದೆ. ಅತಿಥಿಗಳು ಬುಕಿಂಗ್ ಮಾಡುವಾಗ ಆಧಾರ್ ಪ್ರತಿಯನ್ನೂ ಕಾರ್ಡ್ ನಂಬರನ್ನೂ ಸೈಟಿನಲ್ಲೇ ಕೊಡುವ ವ್ಯವಸ್ಥೆ ಇದೆ. ಸೈಟ್ ಕೆಟ್ಟಿದೆಯೇ?
— ಉಡುಪಿ ಜಿಲ್ಲೆಯ ಓದುಗರು

ಉತ್ತರ: ಮೊದಲೆರಡು ಲಕ್ಷಣಗಳು ಸಣ್ಣವು. ನೀವು ಕೊನೆಯಲ್ಲಿ ಹೇಳಿದ್ದು ದೊಡ್ಡದು, ಅದಕ್ಕೆ ಆಮೇಲೆ ಬರುತ್ತೇನೆ.

ಎಚ್‌ಟಿಟಿಪಿಎಸ್ ಇಲ್ಲದ ಎಲ್ಲ ಸೈಟುಗಳಿಗೂ ಕ್ರೋಮ್ ಬ್ರೌಸರ್ 2018ರ ಜುಲೈನಿಂದ ಈ ಸೂಚನೆಯನ್ನು ತೋರಿಸುತ್ತಿದೆ. ಅಂದರೆ ಅತಿಥಿಯ ಫೋನಿನಿಂದ ನಿಮ್ಮ ಸರ್ವರ್‌ವರೆಗೆ ಮಾಹಿತಿ ಗೂಢಲಿಪಿಯಲ್ಲಿ ಹೋಗದೆ ಬಯಲಾಗಿ ಹೋಗುತ್ತಿದೆ. ಗೂಢಲಿಪಿಗೆ ಬೇಕಾದ ಡಿಜಿಟಲ್ ಪ್ರಮಾಣಪತ್ರ ಹಾಕಿಸಿದರೆ ಇದು ಸರಿಯಾಗುತ್ತದೆ, ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಅದನ್ನು ಉಚಿತವಾಗಿ ನೀಡುತ್ತದೆ. ಇಡೀ ಪರದೆಯನ್ನು ಮುಚ್ಚುವಂತೆ 'ಸಂಪರ್ಕ ಖಾಸಗಿಯಲ್ಲ' ಎಂಬ ಎಚ್ಚರಿಕೆ ಬರುತ್ತಿದ್ದರೆ ಮಾತ್ರ ವಿಷಯ ಬೇರೆ: ಆಗ ಪ್ರಮಾಣಪತ್ರ ಇದೆ, ಆದರೆ ಹೆಚ್ಚಾಗಿ ಅದರ ಅವಧಿ ಮುಗಿದಿರುತ್ತದೆ. ವರ್ಷಕ್ಕೊಮ್ಮೆ ದುಡ್ಡು ಕೊಟ್ಟು ಕೊಂಡು, ಯಾರನ್ನೋ ಕರೆಸಿ ಹಾಕಿಸುವ ಪದ್ಧತಿಗೆ ಇನ್ನು ಉಳಿಗಾಲವಿಲ್ಲ. ಪ್ರಮಾಣಪತ್ರಗಳ ಗರಿಷ್ಠ ಅವಧಿಯನ್ನು 2026ರ ಮಾರ್ಚ್ 15ರಿಂದ 200 ದಿನಕ್ಕೆ, 2027ರ ಮಾರ್ಚ್‌ನಿಂದ 100 ದಿನಕ್ಕೆ, 2029ರ ಮಾರ್ಚ್‌ನಿಂದ 47 ದಿನಕ್ಕೆ ಇಳಿಸುವುದೆಂದು ಬ್ರೌಸರ್ ಮತ್ತು ಪ್ರಮಾಣಪತ್ರ ಸಂಸ್ಥೆಗಳು ಸೇರಿ ತೀರ್ಮಾನಿಸಿವೆ. ತಾನಾಗಿಯೇ ನವೀಕರಣವಾಗುವ ವ್ಯವಸ್ಥೆ ನಿಮ್ಮ ಹೋಸ್ಟಿಂಗ್‌ನಲ್ಲಿ ಇಲ್ಲದಿದ್ದರೆ ಹೋಸ್ಟಿಂಗನ್ನೇ ಬದಲಿಸುವುದು ಲೇಸು. ಮ್ಯಾಪ್ ಕಪ್ಪಾದದ್ದಕ್ಕೆ ಕಾರಣ, 2018ರಲ್ಲಿ ಗೂಗಲ್ ತನ್ನ ಮ್ಯಾಪ್ ಸೇವೆಗೆ ಕೀ ಎಂಬ ಗುರುತುಸಂಕೇತ ಮತ್ತು ಬಿಲ್ಲಿಂಗ್ ಖಾತೆಯನ್ನು ಕಡ್ಡಾಯ ಮಾಡಿದ್ದು. ಹಳೆಯ ಕೋಡನ್ನು ತೆಗೆದು, ಗೂಗಲ್ ಮ್ಯಾಪ್‌ನ ಶೇರ್ ಗುಂಡಿಯಲ್ಲಿ ಸಿಗುವ ಉಚಿತ ಎಂಬೆಡ್ ಕೋಡನ್ನು ಹಾಕಿಸಿದರೆ ಮುಗಿಯಿತು.

ಈಗ ಆಧಾರ್ ಮತ್ತು ಕಾರ್ಡ್ ನಂಬರಿನ ಮಾತು. ಕಾರ್ಡ್ ನಂಬರನ್ನು ಪಡೆದು ಇಟ್ಟುಕೊಳ್ಳುವ ಪದ್ಧತಿಯನ್ನು ಇಂದೇ ನಿಲ್ಲಿಸಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ಗ್ರಾಹಕರ ಕಾರ್ಡಿನ ವಿವರಗಳನ್ನು ತಮ್ಮಲ್ಲಿ ಸಂಗ್ರಹಿಸಿಡುವಂತಿಲ್ಲ. ಪೇಮೆಂಟ್ ಗೇಟ್‌ವೇ ಮೂಲಕವೋ ಯುಪಿಐ ಮೂಲಕವೋ ಮುಂಗಡ ಪಡೆಯಿರಿ. ಆಧಾರ್ ಪ್ರತಿಗಳ ಕಥೆ ಇನ್ನೂ ಗಂಭೀರವಾದದ್ದು. ಹಳೆಯ ಬುಕಿಂಗ್ ಫಾರ್ಮುಗಳಲ್ಲಿ ಅಪ್‌ಲೋಡ್ ಆದ ಚಿತ್ರಗಳು ಅನೇಕ ವೇಳೆ ಸೈಟಿನ ಸಾಮಾನ್ಯ ಅಪ್‌ಲೋಡ್ ಫೋಲ್ಡರಿನಲ್ಲೇ ಹೋಗಿ ಬೀಳುತ್ತವೆ. ಆ ಫೋಲ್ಡರಿನ ವಿಳಾಸವನ್ನು ಊಹಿಸಬಲ್ಲ ಯಾರು ಬೇಕಾದರೂ ಪಾಸ್‌ವರ್ಡ್ ಇಲ್ಲದೆ ಅವುಗಳನ್ನು ತೆರೆಯಬಹುದು. ನಿಮ್ಮ ಸೈಟ್ ನೋಡಿಕೊಳ್ಳುವವರನ್ನು ಕೂರಿಸಿಕೊಂಡು, ಒಬ್ಬ ಅತಿಥಿಯ ಆಧಾರ್ ಚಿತ್ರದ ನೇರ ವಿಳಾಸವನ್ನು ಕೇಳಿ ಪಡೆದು, ಲಾಗಿನ್ ಆಗದ ಬೇರೊಂದು ಫೋನಿನಲ್ಲಿ ತೆರೆಯಲು ಹೇಳಿ. ತೆರೆದರೆ ಆ ಫೋಲ್ಡರನ್ನು ಅಂದೇ ಖಾಲಿ ಮಾಡಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಮಾಹಿತಿಯನ್ನು ಸಂಗ್ರಹಿಸಿದವರ ಮೇಲೆಯೇ ಅದನ್ನು ಕಾಪಾಡುವ ಹೊಣೆ ಹೊರಿಸಿದೆ, ಸೈಟ್ ಮಾಡಿಕೊಟ್ಟವರತ್ತ ಬೆರಳು ತೋರಿಸಿದರೆ ಆಗದು. ಗುರುತಿನ ಚೀಟಿಯನ್ನು ಅತಿಥಿ ಬಂದಿಳಿದ ಮೇಲೆ ನೋಡಿ ದಾಖಲಿಸಿಕೊಳ್ಳುವ ಹಳೆಯ ಕ್ರಮವೇ ಇಲ್ಲಿ ಉತ್ತಮ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಉಡುಪಿಯಲ್ಲಿ ನಮ್ಮದು ಪುಸ್ತಕ ಪ್ರಕಾಶನ. ಇಪ್ಪತ್ತು ವರ್ಷದ ಹಿಂದೆ ಮಾಡಿದ ಕನ್ನಡ ವೆಬ್‌ಸೈಟ್ ಕಚೇರಿಯ ಹಳೆಯ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುತ್ತದೆ, ಮೊಬೈಲಿನಲ್ಲಿ ಮಾತ್ರ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಹೋಸ್ಟಿಂಗ್ ಬದಲಿಸಿದರೆ ಸರಿಹೋದೀತೇ?

ಉತ್ತರ: ಹೋಸ್ಟಿಂಗ್‌ಗೂ ಇದಕ್ಕೂ ಸಂಬಂಧವಿಲ್ಲ. ನಿಮ್ಮ ಪಠ್ಯವಿರುವುದು, ಲಿಪಿಗಳಿಗೆ ಅವುಗಳದೇ ಸಂಕೇತಸ್ಥಾನ ಕೊಟ್ಟಿರುವ ಜಾಗತಿಕ ಪದ್ಧತಿಯಾದ ಯೂನಿಕೋಡ್‌ನಲ್ಲಿ ಅಲ್ಲ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕೂರಿಸಲಾಗಿತ್ತು. ಆ ಫಾಂಟ್ ಇರುವ ಕಂಪ್ಯೂಟರಿಗೆ ಅದು ಕನ್ನಡ, ಇಲ್ಲದ ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಆಗಿನ ಕೆಲವು ಸೈಟುಗಳು ಫಾಂಟನ್ನು ಪುಟದ ಜೊತೆಗೇ ಕಳುಹಿಸುವ ಉಪಾಯ ಮಾಡಿದ್ದವು, ಆದರೆ ಅದು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಬ್ರೌಸರಿಗೆ ಕಟ್ಟುಬಿದ್ದ ಉಪಾಯವಾಗಿತ್ತು, ಆ ಬ್ರೌಸರನ್ನು ಮೈಕ್ರೋಸಾಫ್ಟ್ 2022ರ ಜೂನ್ 15ರಂದು ನಿವೃತ್ತಿಗೊಳಿಸಿತು. ಕನ್ನಡಕ್ಕೆ ಯೂನಿಕೋಡ್‌ನಲ್ಲಿ 1991ರಿಂದಲೇ ಸ್ಥಾನವಿದ್ದರೂ ಅಚ್ಚುಕೂಟದ ತಂತ್ರಾಂಶಗಳು ಬಹುಕಾಲ ಅದಕ್ಕೆ ಹೊಂದಿಕೊಂಡಿರಲಿಲ್ಲ. ನಿಮ್ಮಲ್ಲಿ ಆದದ್ದೂ ಹಾಗೆಯೇ ಇರಬೇಕು.

ಸಂದೇಹವಿದ್ದರೆ ಪುಟದ ಒಂದು ಸಾಲನ್ನು ನಕಲಿಸಿ ವಾಟ್ಸ್ಆ್ಯಪ್‌ನಲ್ಲಿ ಅಂಟಿಸಿ ನೋಡಿ. ಕನ್ನಡ ಬಂದರೆ ಯೂನಿಕೋಡ್, ಬಾರದಿದ್ದರೆ ಹಳೆಯ ಸಂಕೇತ. ಹಳೆಯ ಸಂಕೇತದಲ್ಲಿರುವ ಪಠ್ಯವನ್ನು ಗೂಗಲ್ ಕನ್ನಡವೆಂದು ಗುರುತಿಸಲಾರದು. ನಿಮ್ಮ ಲೇಖಕರ ಹೆಸರನ್ನು ಕನ್ನಡದಲ್ಲಿ ಹುಡುಕಿದವರಿಗೆ ನಿಮ್ಮ ಪುಟ ಇಷ್ಟು ವರ್ಷ ಸಿಕ್ಕಿರಲಾರದು, ದೃಷ್ಟಿದೋಷವುಳ್ಳ ಓದುಗರ ಸ್ಕ್ರೀನ್ ರೀಡರ್ ಕೂಡ ಅದನ್ನು ಓದಲಾರದು. ಪರಿವರ್ತಿಸಿ ಕೊಡುವ ಉಚಿತ ಸಾಧನಗಳಿವೆ. ಆದರೆ ಅರ್ಕಾವೊತ್ತು, ವಟ್ರಸುಳಿ, ಒತ್ತಕ್ಷರದ ಮೇಲಿನ ದೀರ್ಘ, ಅಂಕಿಗಳು ಮತ್ತು ನಡುವೆ ಬರುವ ಇಂಗ್ಲಿಷ್ ಪದಗಳಲ್ಲಿ ಅವು ಎಡವುತ್ತವೆ. ಕರಡು ತಿದ್ದುವವರು ನಿಮ್ಮಲ್ಲಿಯೇ ಇರುವುದರಿಂದ ಈ ಕೆಲಸವನ್ನು ಸಾಫ್ಟ್‌ವೇರ್‌ನವರ ಕೈಗೆ ಬಿಡದೆ ಅವರಿಗೇ ವಹಿಸಿ. ಮೊದಲು ಪುಸ್ತಕಪಟ್ಟಿ ಮತ್ತು ಲೇಖಕರ ಹೆಸರುಗಳು, ಆಮೇಲೆ ಉಳಿದದ್ದು.

ಪ್ರಶ್ನೆ: ನಮ್ಮ ಸೈಟ್ ಮಾಡಿಕೊಟ್ಟ ಹುಡುಗ ಈಗ ಮಸ್ಕತ್‌ನಲ್ಲಿದ್ದಾನೆ. ಡೊಮೈನ್, ಹೋಸ್ಟಿಂಗ್ ಎಲ್ಲವೂ ಅವನ ಖಾತೆಯಲ್ಲೇ ಇವೆಯಂತೆ. ಒಳ್ಳೆಯವನೇ, ಕೇಳಿದರೆ ಮಾಡಿಕೊಡುತ್ತಾನೆ, ಆದರೆ ಉತ್ತರ ಬರಲು ವಾರಗಟ್ಟಲೆ ಹಿಡಿಯುತ್ತದೆ. ಇದನ್ನೂ ಸೈಟ್ ಹಳತಾದ ಲಕ್ಷಣವೆನ್ನಬಹುದೇ?
— ಕುಂದಾಪುರದ ಓದುಗರು

ಉತ್ತರ: ಎನ್ನಬಹುದು. ದುರಸ್ತಿ ಬಿಡುಗಡೆಯಾದರೂ ಅದನ್ನು ಹಾಕುವ ಅಧಿಕಾರ ನಿಮ್ಮ ಕೈಯಲ್ಲಿಲ್ಲ ಎಂದರೆ, ತಂತ್ರಾಂಶ ಎಷ್ಟೇ ಹೊಸದಾಗಿದ್ದರೂ ನಿಮ್ಮ ಪಾಲಿಗೆ ಅದು ದುರಸ್ತಿಯಿಲ್ಲದ ತಂತ್ರಾಂಶವೇ. ಇದರಲ್ಲಿ ಆ ಹುಡುಗನ ತಪ್ಪಿರಬೇಕೆಂದೇನೂ ಇಲ್ಲ. ಆಗ ಅಂಗಡಿಯವರಿಗೆ ಇಮೇಲ್ ಖಾತೆಯೇ ಇರಲಿಲ್ಲವೆಂದು ತನ್ನ ಖಾತೆಯಲ್ಲಿ ನೋಂದಾಯಿಸಿದವರು ನಮ್ಮ ಊರುಗಳಲ್ಲಿ ಬಹಳ ಮಂದಿ ಇದ್ದಾರೆ.

ಸಂಬಂಧ ಚೆನ್ನಾಗಿರುವಾಗಲೇ ಎಲ್ಲವನ್ನೂ ನಿಮ್ಮ ಕಡೆಗೆ ವರ್ಗಾಯಿಸಿಕೊಳ್ಳಿ. ಡೊಮೈನ್ ಎಲ್ಲಕ್ಕಿಂತ ಮೊದಲು. ಹೋಸ್ಟಿಂಗ್ ಹೋದರೆ ಬ್ಯಾಕಪ್‌ನಿಂದ ಇನ್ನೊಂದು ಕಡೆ ಸೈಟ್ ಎಬ್ಬಿಸಬಹುದು, ಡೊಮೈನ್ ಹೋದರೆ ಬೋರ್ಡು, ಬಿಲ್ ಪುಸ್ತಕ, ವಿಸಿಟಿಂಗ್ ಕಾರ್ಡುಗಳಲ್ಲಿ ಅಚ್ಚಾದ ವಿಳಾಸ ಮತ್ತು ಅದರ ಮೇಲಿನ ಇಮೇಲ್ ಎರಡೂ ಹೋಗುತ್ತವೆ. ನಿಮ್ಮ ಹೆಸರಿನಲ್ಲಿ ಅದೇ ನೋಂದಣಿ ಸಂಸ್ಥೆಯಲ್ಲಿ ಒಂದು ಖಾತೆ ತೆರೆದು, ಡೊಮೈನನ್ನು ಆ ಖಾತೆಗೆ ಸರಿಸುವಂತೆ ಆತನಿಗೆ ಹೇಳಿ; ಬೇರೆ ಸಂಸ್ಥೆಗೆ ಒಯ್ಯುವುದಾದರೆ ವರ್ಗಾವಣೆಯ ಗುಪ್ತಸಂಕೇತವನ್ನು ಆತ ತನ್ನ ಖಾತೆಯಿಂದ ತೆಗೆದುಕೊಡಬೇಕಾಗುತ್ತದೆ. ವರ್ಗಾವಣೆಯಾದ ಮೇಲೆ ನೋಂದಣಿದಾರರ ಹೆಸರಿನ ಜಾಗದಲ್ಲಿ ನಿಮ್ಮ ಸಂಸ್ಥೆಯ ಹೆಸರು ಇದೆಯೇ ಎಂದು ತೆರೆದು ನೋಡಿ, ಎಷ್ಟೋ ಬಾರಿ ಖಾತೆ ಬದಲಾಗಿ ಹೆಸರು ಹಾಗೆಯೇ ಉಳಿದಿರುತ್ತದೆ. ಅನಂತರ ಹೋಸ್ಟಿಂಗ್ ಲಾಗಿನ್, ಸೈಟಿನ ಅಡ್ಮಿನ್ ಪಾಸ್‌ವರ್ಡ್, ಪೂರ್ಣ ಬ್ಯಾಕಪ್ ಮತ್ತು ಕೊಂಡ ಥೀಮ್‌ನ ಪರವಾನಗಿ ಸಂಖ್ಯೆ ಪಡೆಯಿರಿ.

ಆತ ಸಿಗದೇ ಹೋದಾಗ ನವೀಕರಣದ ದಿನಾಂಕ ದಾಟಿಬಿಟ್ಟಿತೆನ್ನಿ, ತಕ್ಷಣ ಎಲ್ಲವೂ ಮುಗಿಯುವುದಿಲ್ಲ. ಡಾಟ್ ಕಾಮ್ ಹೆಸರನ್ನು ನೋಂದಣಿ ಸಂಸ್ಥೆ ತೆಗೆದುಹಾಕಿದ ಮೇಲೂ 30 ದಿನಗಳ ಕಾಲ ಹೆಚ್ಚುವರಿ ಶುಲ್ಕ ಕೊಟ್ಟು ಬಿಡಿಸಿಕೊಳ್ಳುವ ಅವಕಾಶವಿದೆ. ಆದರೆ ಆ ಅವಕಾಶ ಖಾತೆಯ ಒಡೆಯನಿಗೆ, ಅಂದರೆ ಮಸ್ಕತ್‌ನಲ್ಲಿರುವವನಿಗೆ, ನಿಮಗಲ್ಲ. ಆದ್ದರಿಂದ ಮುಂದಿನ ಬಾರಿ ಆತ ಊರಿಗೆ ಬಂದಾಗ ಎದುರು ಕೂರಿಸಿಕೊಂಡು, ಒಟಿಪಿ ಬರುವ ಫೋನ್ ನಂಬರನ್ನೂ ಬದಲಾಯಿಸಿಕೊಂಡೇ ಕಳುಹಿಸಿಕೊಡಿ. ಹೊಸ ಖಾತೆಗೆ ನಿಮ್ಮ ಡೊಮೈನಿನ ಮೇಲಿರುವ ಇಮೇಲ್ ವಿಳಾಸವನ್ನು ಕೊಡಬೇಡಿ. ಡೊಮೈನ್ ನಿಂತ ದಿನ ಆ ಇಮೇಲ್ ಕೂಡ ನಿಲ್ಲುವುದರಿಂದ ನವೀಕರಣದ ನೆನಪೋಲೆಯಾಗಲಿ, ಪಾಸ್‌ವರ್ಡ್ ಮರುಹೊಂದಿಸುವ ಲಿಂಕ್ ಆಗಲಿ ನಿಮಗೆ ತಲುಪುವುದಿಲ್ಲ. ಜಿಮೇಲ್‌ನಂಥ ಬೇರೊಂದು ಖಾತೆಯನ್ನೇ ಕೊಡಿ.